ಅಂಬಾಬಾಯಿ, ಗಂಗೂಬಾಯಿ, ಕೃಷ್ಣಾ

ಧಾರವಾಡವೆಂದರೆ ಹಿಂದೂಸ್ತಾನಿ ಸಂಗೀತ ಎಂಬ ಮಾತು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ನೂರು ವರ್ಷದ ಹಿಂದೆ ಅದೇ ಊರಿನ ಶುಕ್ರವಾರಪೇಟೆಯ ಒಂದು ಮನೆಯಲ್ಲಿ ಕೇಳಿಬರುತ್ತಿದ್ದುದು ಕರ್ನಾಟಕ ಸಂಗೀತ. ಹಾಡುತ್ತಿದ್ದವರು ಅಂಬಾಬಾಯಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಂಥವರೂ ಬಂದು ಕೂತು ಕೇಳುವಂಥ ಹಾಡಿಕೆ ಅವರದು.

ಹಿಂದೂಸ್ತಾನಿ ಈ ಕಡೆ ಬಂದದ್ದು ಹಲವು ದಾರಿಗಳಿಂದ. ಮೈಸೂರು ಅರಮನೆಗೆ ಹೋಗಿಬರುವ ಉಸ್ತಾದರು ನಡುವೆ ಧಾರವಾಡದಲ್ಲಿ ತಂಗುತ್ತಿದ್ದರು. ಮರಾಠಿ ನಾಟಕ ಕಂಪನಿಗಳು ಊರೂರಿಗೆ ರಂಗಗೀತೆ ಹೊತ್ತು ತರುತ್ತಿದ್ದವು. ಆಮೇಲೆ ಗ್ರಾಮಫೋನ್ ಬಂತು. 1913ರಲ್ಲಿ ಹುಟ್ಟಿದ ಅಂಬಾಬಾಯಿಯವರ ಮಗಳು ಗಂಗೂ (ಮುಂದೆ ಗಂಗೂಬಾಯಿ ಹಾನಗಲ್), ಬೀದಿಯಲ್ಲಿ ಗ್ರಾಮಫೋನ್ ಹಾಡಿದರೆ ಸಾಕು, ಮನೆಬಿಟ್ಟು ಓಡುತ್ತಿದ್ದಳು. ಮಗಳ ಒಲವು ಯಾವ ಕಡೆಗಿದೆ ಎಂದು ತಾಯಿಗೆ ತಿಳಿಯಿತು. ತನ್ನ ಹಾಡಿನ ಛಾಯೆ ಮಗಳ ಗಾಯನದಲ್ಲಿ ಬೆರೆಯಬಾರದೆಂದು ಅಂಬಾಬಾಯಿ ತಮ್ಮ ಕರ್ನಾಟಕ ಸಂಗೀತವನ್ನೇ ನಿಲ್ಲಿಸಿದರು. ನಮ್ಮ ಸಂಗೀತದ ಇತಿಹಾಸಗಳಲ್ಲಿ ಈ ಸಂಗತಿಗೆ ಸಿಗುವುದು ಒಂದು ಸಾಲು. ನನಗೆ ಅದೊಂದು ದೊಡ್ಡ ಅಧ್ಯಾಯವಾಗಿ ಕಾಣುತ್ತದೆ.

ಆಗ ಬಹಿರಂಗವಾಗಿ ಹಾಡುವ ಹೆಣ್ಣೆಂದರೆ ಸಮಾಜ ದೂರವಿಟ್ಟ ಮನೆತನದವಳೇ. ಹಾಡು ಬೇಕು, ಹಾಡುವವಳು ಪಂಕ್ತಿಗೆ ಬೇಡ. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂ ಒಬ್ಬಳು. ಅಷ್ಟು ದೊಡ್ಡ ಸಭೆಯಲ್ಲಿ ಅವಳಿಗಿದ್ದ ಅಂಜಿಕೆ ಹಾಡಿನದಲ್ಲ. ಊಟವಾದ ಮೇಲೆ ತನ್ನನ್ನು ಬೇರೆ ಕೂರಿಸಿ ಎಂಜಲು ತೆಗೆಯಲು ಹೇಳಿಯಾರೇ ಎಂಬುದು. ದಶಕಗಳ ಮೇಲೂ ಗಂಗೂಬಾಯಿ ಇದನ್ನು ಮರೆತಿರಲಿಲ್ಲ.

ಅದೇ ಕಾಲದ ರಂಗಭೂಮಿಯಲ್ಲಿ ಹೆಣ್ಣಿನ ಪಾತ್ರಗಳನ್ನು ಬಹುಮಟ್ಟಿಗೆ ಗಂಡಸರೇ ಹಾಡಿ ಆಡುತ್ತಿದ್ದರು. ಕುಂದಗೋಳದ ರಾಮಭಾವು, ಅಬ್ದುಲ್ ಕರೀಂ ಖಾನರ ಶಿಷ್ಯ, ಸ್ತ್ರೀಪಾತ್ರಗಳಿಂದಲೇ ಹೆಸರಾಗಿ ‘ಸವಾಯಿ ಗಂಧರ್ವ’ರೆನಿಸಿದರು. ಬಿಜಾಪುರದ ಕಡೆಯ ಗೋಹರಬಾಯಿ ಬಾಲಗಂಧರ್ವರ ನಾಟಕ ಮಂಡಳಿಗೆ ಹೋದರು. ಅವರ ತಂಗಿ ಅಮೀರಬಾಯಿ ಕರ್ನಾಟಕಿ ಚಲನಚಿತ್ರಕ್ಕೆ ಹೋಗಿ 1943ರ ‘ಕಿಸ್ಮತ್’ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ಅಬ್ದುಲ್ ಕರೀಂ ಖಾನರ ಮಗಳು ಹೀರಾಬಾಯಿ ಬಡೋದೇಕರ್ ಟಿಕೆಟ್ ಇಟ್ಟ ಸಭಾಂಗಣದಲ್ಲಿ ಕೂತು ಹಾಡಿದರು. ಬೈಠಕ್ಕಿನ ಹೆಣ್ಣುದನಿ ಸಭೆಗೆ ಬಂದ ಬಗೆಯಲ್ಲಿ ಇದು ಬಹು ಮುಖ್ಯ ಹೆಜ್ಜೆ.

ಗಂಗೂಬಾಯಿ ಹಿಡಿದದ್ದು ರಂಗದ ದಾರಿಯಲ್ಲ, ಸಿನಿಮಾದ್ದೂ ಅಲ್ಲ. ಹುಬ್ಬಳ್ಳಿಗೆ ಬಂದು ಮೊದಲು ಕೃಷ್ಣಾಚಾರ್ಯ ಹುಲಗೂರರ ಬಳಿ, ಆಮೇಲೆ ದತ್ತೋಪಂತ ದೇಸಾಯಿಯವರ ಬಳಿ ಕಲಿತರು. 1932ರಲ್ಲಿ ತಾಯಿ ತೀರಿಕೊಂಡರು. ಮೊದಮೊದಲ ಧ್ವನಿಮುದ್ರಿಕೆಗಳ ಮೇಲೆ ಇವರ ಹೆಸರು ‘ಗಾಂಧಾರಿ’ ಎಂದಿದೆ.

ನಿಜವಾದ ತಾಲೀಮು ಸಿಕ್ಕಿದ್ದು 1930ರ ದಶಕದ ಕೊನೆಗೆ, ಸವಾಯಿ ಗಂಧರ್ವರು ಕುಂದಗೋಳದಲ್ಲಿ ನೆಲೆ ನಿಂತಾಗ. ಮಕ್ಕಳೊಂದಿಗಿನ ಸಂಸಾರ ತೂಗಿಸಿಕೊಂಡು, ಹುಬ್ಬಳ್ಳಿಯಿಂದ ರೈಲು ಹತ್ತಿ ಗುರುಗಳ ಮನೆಗೆ ಹೋಗಿ, ಕತ್ತಲಾದ ಮೇಲೆ ಮನೆ ಸೇರುವುದು. ಅಲ್ಲಿ ರಾಗಗಳ ರಾಶಿಯೇನೂ ಇರಲಿಲ್ಲ. ಒಂದೇ ಪಲುಕು, ಗಂಟೆಗಟ್ಟಲೆ. ಜಿಪುಣ ಹಣ ಬಿಚ್ಚುವ ಹಾಗೆ ಸ್ವರ ಬಿಚ್ಚಬೇಕು, ಒಂದೊಂದರ ಬೆಲೆಯೂ ಕೇಳುವವನಿಗೆ ತಿಳಿಯಬೇಕು ಎಂಬುದು ಗುರು ಹಾಕಿಕೊಟ್ಟ ಪಾಠ. ಗಂಗೂಬಾಯಿಯವರ ವಿಲಂಬಿತ ಆಲಾಪ ಕೇಳಿದವರಿಗೆ ಆ ಪಾಠ ಎಷ್ಟು ಆಳಕ್ಕಿಳಿದಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ನಡುವೆ ಟಾನ್ಸಿಲ್ ಚಿಕಿತ್ಸೆಯಾಗಿ ದನಿ ಒಡೆಯಿತು. ಸಣ್ಣಗಿದ್ದ ಕಂಠ ದಪ್ಪಗಾಗಿ, ಮೊದಲ ಸಲ ಕೇಳುವವರು ಗಂಡಸಿನ ದನಿಯೆಂದೇ ತಿಳಿಯುವಂತಾಯಿತು. ಹೆಣ್ಣಾಗಿ ಹಾಡಿ ಗೆದ್ದ ಗುರುವಿನ ಈ ಶಿಷ್ಯೆ, ಹೆಣ್ಣುದನಿಯ ಇಂಪೆಂದು ಜನ ಯಾವುದನ್ನು ಕರೆಯುತ್ತಿದ್ದರೋ ಅದನ್ನು ಕಳೆದುಕೊಂಡೇ ದೊಡ್ಡವರಾದರು. ಆ ದನಿಯನ್ನು ಮರೆಮಾಚಲು ಅವರು ಹೋಗಲಿಲ್ಲ. ಅದರ ಗಟ್ಟಿತನದ ಮೇಲೆಯೇ ತಮ್ಮ ಗಾಯಕಿಯನ್ನು ಕಟ್ಟಿದರು. ಅವರ ದೊಡ್ಡ ಸಾಧನೆ ಇದೇ ಎಂದು ನನ್ನ ನಂಬಿಕೆ.

ಸ್ವಾತಂತ್ರ್ಯದ ನಂತರ ದಾರಿ ಅಗಲವಾಯಿತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು. ದೇಶದ ತುಂಬ ಸಂಗೀತ ಸಮ್ಮೇಳನಗಳು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಆದರೂ ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂ ಆದರೆ ಪಂಡಿತನಾಗುತ್ತಾನೆ, ಹೆಣ್ಣು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಅವರು ಆಡಿ ತೋರಿಸಿದ್ದುಂಟು. ದಕ್ಷಿಣದಲ್ಲೂ ಹೆಚ್ಚು ಬೇರೆಯಿರಲಿಲ್ಲ: ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ ಬೆಂಗಳೂರು ನಾಗರತ್ನಮ್ಮ, ಅಲ್ಲಿ ಹೆಂಗಸರು ಹಾಡುವ ಹಕ್ಕಿಗೇ ಹೋರಾಡಬೇಕಾಯಿತು. ಇಂದಿನ ಕಚೇರಿ ಪತ್ರಿಕೆಗಳಲ್ಲಿ ‘ವಿದುಷಿ’ ಎಂದು ಸಲೀಸಾಗಿ ಅಚ್ಚಾಗುವ ಪದಕ್ಕೆ ಇವರೆಲ್ಲರ ಋಣವಿದೆ.

ಇನ್ನು ಕೃಷ್ಣಾ. ಗಂಗೂಬಾಯಿಯವರ ಮಗಳು, ತಾವೇ ಒಳ್ಳೆಯ ಗಾಯಕಿ. ದಶಕಗಳ ಕಾಲ ತಾಯಿಯ ಹಿಂದೆ ತಂಬೂರಿ ಹಿಡಿದು ಕೂತು, ತಾಯಿಯ ಉಸಿರು ತಗ್ಗಿದ ಕಡೆ ತಮ್ಮ ದನಿ ಕೂಡಿಸಿದರು. ವಯಸ್ಸಾದಂತೆ ಗಂಗೂಬಾಯಿಯವರ ಕಚೇರಿ ಆ ಎರಡನೆಯ ದನಿಯ ಮೇಲೆ ಹೆಚ್ಚು ಹೆಚ್ಚು ಊರಿಕೊಂಡಿತು. 2004ರಲ್ಲಿ ಕೃಷ್ಣಾ ತಾಯಿಗಿಂತ ಮೊದಲೇ ಹೋದರು. ಗಂಗೂಬಾಯಿ 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು.

ಮಗಳಿಗಾಗಿ ಹಾಡು ನಿಲ್ಲಿಸಿದ ಅಜ್ಜಿ, ತಾಯಿಗಾಗಿ ಹಿಂದೆ ಕೂತು ಹಾಡಿದ ಮೊಮ್ಮಗಳು. ನಡುವಿನವರನ್ನು ಮಾತ್ರ ನಾವು ಬರೆದಿದ್ದೇವೆ. ಮುಂದಿನ ಸಲ ಗಂಗೂಬಾಯಿಯವರ ಕೊನೆಯ ವರ್ಷಗಳ ಧ್ವನಿಮುದ್ರಣವೊಂದನ್ನು ಹಾಕಿದಾಗ, ತಾರಸ್ಥಾಯಿಗೆ ಏರುವ ಇನ್ನೊಂದು ದನಿಯತ್ತಲೂ ದಯವಿಟ್ಟು ಕಿವಿಗೊಡಿ. ಅದು ಕೃಷ್ಣಾ ಹಾನಗಲ್ಲರದು.