ಶಬ್ದಮಟ್ಟ ಮಾಪನ ಮತ್ತು ಶ್ರವಣ ರಕ್ಷಣೆ

ಶಬ್ದಮಟ್ಟ ಮಾಪನ ಎಂದರೆ ಒಂದು ಸ್ಥಳದಲ್ಲಿ ಕಿವಿಯನ್ನು ತಲುಪುವ ಶಬ್ದವನ್ನು ಉಪಕರಣದಿಂದ ಅಳೆದು ಡೆಸಿಬೆಲ್‌ಗಳಲ್ಲಿ ದಾಖಲಿಸುವ ಕ್ರಮ. ಅತಿಶಬ್ದದಿಂದ ಬರುವ ಕಿವುಡುತನ ಶಾಶ್ವತವಾದುದು. ಅದು ನೋವಿಲ್ಲದೆ, ಹಲವು ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬರುವುದರಿಂದ ತೊಂದರೆ ಗೊತ್ತಾಗುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. "ಸದ್ದು ಅಭ್ಯಾಸವಾಗಿದೆ" ಎಂಬ ಮಾತು ಅನೇಕ ವೇಳೆ ಶ್ರವಣಶಕ್ತಿ ಕುಂದಿರುವುದರ ಲಕ್ಷಣವೇ ಆಗಿರುತ್ತದೆ. ಆದ್ದರಿಂದ ಅಪಾಯವನ್ನು ಮುಂಚಿತವಾಗಿ ತಿಳಿಯಲು ಅಳತೆ ಮತ್ತು ಅದರ ನಕ್ಷೆಗಳನ್ನೇ ಆಶ್ರಯಿಸಬೇಕಾಗುತ್ತದೆ.

ಬೆಂಗಳೂರು ಗ್ರಾಮಾಂತರ ಪ್ರದೇಶದಲ್ಲಿ ಶಬ್ದದ ಮೂಲಗಳು ಹಲವು ಬಗೆಯವು. ದೊಡ್ಡಬಳ್ಳಾಪುರದಲ್ಲಿ ರೇಷ್ಮೆ ಸೀರೆ ನೇಯುವ ವಿದ್ಯುತ್ ಮಗ್ಗಗಳಿವೆ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿನಿಂದ ವಿಮಾನ ನಿಲ್ದಾಣ ಕಾರ್ಯನಿರ್ವಹಿಸುತ್ತಿದೆ. ನೆಲಮಂಗಲ ತಾಲ್ಲೂಕಿನಲ್ಲಿ ತುಮಕೂರು ಹೆದ್ದಾರಿಯೂ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶವೂ ಇವೆ. ಅದೇ ತಾಲ್ಲೂಕಿನ ತ್ಯಾಮಗೊಂಡ್ಲುವಿನಂತಹ ಹೋಬಳಿ ಕೇಂದ್ರಗಳಲ್ಲಿ ಜಾತ್ರೆ, ಮದುವೆಗಳ ಧ್ವನಿವರ್ಧಕಗಳ ಸದ್ದು ಸೇರುತ್ತದೆ. ಇವುಗಳಲ್ಲಿ ಕಿವಿಗೆ ದಿನನಿತ್ಯದ ಅಪಾಯ ಹೆಚ್ಚಾಗಿರುವುದು ಮಗ್ಗದ ಕೆಲಸದಲ್ಲಿ.

ಡೆಸಿಬೆಲ್ ಮಾನ

ಡೆಸಿಬೆಲ್ ಮಾನವು ಲಘುಗಣಕವನ್ನು ಆಧರಿಸಿದೆ. ಆರೋಗ್ಯವಂತ ಕಿವಿಗೆ ಕೇಳಿಸಬಲ್ಲ ಅತಿ ಸಣ್ಣ ಧ್ವನಿಯ ಒತ್ತಡ ಸುಮಾರು 20 ಮೈಕ್ರೋಪಾಸ್ಕಲ್ ಎಂದು ಹಿಡಿದು ಅದನ್ನು 0 ಡೆಸಿಬೆಲ್ ಎಂದು ಕರೆಯಲಾಗಿದೆ. ಮಟ್ಟ 10 ಡೆಸಿಬೆಲ್ ಏರಿದರೆ ಶಬ್ದಶಕ್ತಿ 10 ಪಟ್ಟು, 20 ಏರಿದರೆ 100 ಪಟ್ಟು ಹೆಚ್ಚುತ್ತದೆ; 3 ಡೆಸಿಬೆಲ್ ಏರಿಕೆ ಎಂದರೆ ಶಕ್ತಿ ಇಮ್ಮಡಿಯಾಯಿತೆಂದು ಅರ್ಥ. ಹೀಗಾಗಿ ಡೆಸಿಬೆಲ್‌ಗಳನ್ನು ಸಾಮಾನ್ಯ ಸಂಖ್ಯೆಗಳಂತೆ ಕೂಡಲಾಗದು. ನಿಂತ ಸ್ಥಳದಲ್ಲಿ ಒಂದು ಮಗ್ಗ 95 ಡೆಸಿಬೆಲ್ ಶಬ್ದ ಉಂಟುಮಾಡುತ್ತಿದ್ದರೆ, ಅಷ್ಟೇ ಸದ್ದಿನ ಇನ್ನೊಂದು ಮಗ್ಗ ಜೊತೆಗೂಡಿದಾಗ ಮೊತ್ತ 98 ಆಗುತ್ತದೆ, 190 ಅಲ್ಲ. ನಾಲ್ಕು ಮಗ್ಗಗಳಿಗೆ 101, ಎಂಟಕ್ಕೆ 104. ಕೇಳುವವನಿಗೆ 3 ಡೆಸಿಬೆಲ್‌ನ ವ್ಯತ್ಯಾಸ ಅಷ್ಟೇನೂ ದೊಡ್ಡದೆನಿಸುವುದಿಲ್ಲ, ಆದರೆ ಕಿವಿಯ ಮೇಲೆ ಬೀಳುವ ಹೊರೆ ಎರಡರಷ್ಟಾಗಿರುತ್ತದೆ.

ಅಳತೆಯ ವಿಧಾನ

ಶಬ್ದಮಟ್ಟ ಮಾಪಕದಲ್ಲಿ ಮೈಕ್ರೋಫೋನ್, ವರ್ಧಕ ಮತ್ತು ಶೋಧಕಗಳಿರುತ್ತವೆ. ಮಾನವನ ಕಿವಿ ತಗ್ಗು ಸ್ವರಗಳಿಗೆ ಕಡಿಮೆ ಸ್ಪಂದಿಸುವುದರಿಂದ 'ಎ' ತೂಕದ ಶೋಧಕವನ್ನು ಬಳಸಿ ಫಲಿತಾಂಶವನ್ನು ಡಿಬಿ(ಎ) ಎಂದು ಬರೆಯುತ್ತಾರೆ. ಅಳತೆಗೆ ಮೊದಲು ಮತ್ತು ನಂತರ 1,000 ಹರ್ಟ್ಸ್‌ನ, ಸಾಮಾನ್ಯವಾಗಿ 94 ಡೆಸಿಬೆಲ್‌ನ, ನಿಯತ ಧ್ವನಿಯಿಂದ ಮಾಪಕವನ್ನು ಪರಿಶೀಲಿಸಬೇಕು. ಕಾರ್ಮಿಕನ ಹೊರೆಯನ್ನು ಅಳೆಯುವಾಗ ಮೈಕ್ರೋಫೋನನ್ನು ಅವನ ಕಿವಿಯ ಹತ್ತಿರ ಇರಿಸಬೇಕೇ ಹೊರತು ಶೆಡ್ಡಿನ ಬಾಗಿಲಲ್ಲಿ ಅಲ್ಲ. ಮೊಬೈಲ್ ಫೋನಿನ ಆ್ಯಪ್‌ಗಳು ಅಂದಾಜಿಗೆ ಉಪಯುಕ್ತವಾದರೂ ದೂರು ಅಥವಾ ಕಾನೂನು ಕ್ರಮಕ್ಕೆ ಆಧಾರವಾಗಲಾರವು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2011ರಲ್ಲಿ ಆರಂಭಿಸಿದ ರಾಷ್ಟ್ರೀಯ ಶಬ್ದ ಮಾಪನ ಜಾಲ ಬೆಂಗಳೂರು ಸೇರಿದಂತೆ ಏಳು ಮಹಾನಗರಗಳಿಗಾಗಿ ರೂಪಿಸಿದ್ದು. ನಗರದ ಹೊರಗಿನ ಊರುಗಳಲ್ಲಿ ಕೈಯಲ್ಲಿ ಹಿಡಿಯುವ ಮಾಪಕವೇ ಮುಖ್ಯ ಸಾಧನ.

ನಕ್ಷೆಯಲ್ಲಿ ದತ್ತಾಂಶ

ಅಡ್ಡ ಅಕ್ಷದಲ್ಲಿ ಸಮಯ, ಲಂಬ ಅಕ್ಷದಲ್ಲಿ ಡಿಬಿ(ಎ) ಗುರುತಿಸಿ ಎಳೆದ ರೇಖಾನಕ್ಷೆ ಅತ್ಯಂತ ಸರಳವಾದುದು. ಮಗ್ಗದ ಶೆಡ್ಡಿನ ನಕ್ಷೆ ಎತ್ತರದಲ್ಲಿ ಬಹುತೇಕ ಸಮತಟ್ಟಾಗಿದ್ದು, ಊಟದ ವಿರಾಮದಲ್ಲಿ ಅಥವಾ ವಿದ್ಯುತ್ ಹೋದಾಗ ಮಾತ್ರ ಕುಸಿಯುತ್ತದೆ. ವಿಮಾನ ಮಾರ್ಗದ ಕೆಳಗಿನ ಹಳ್ಳಿಯ ನಕ್ಷೆಯಲ್ಲಿ ತಗ್ಗಿನ ರೇಖೆಯ ಮೇಲೆ ಬಿಡಿಬಿಡಿ ಶಿಖರಗಳು ಕಾಣುತ್ತವೆ. ಕಾನೂನಿನ ಮಿತಿಯನ್ನು ಅದೇ ನಕ್ಷೆಯಲ್ಲಿ ಒಂದು ಅಡ್ಡಗೆರೆಯಾಗಿ ಎಳೆದರೆ ಮಿತಿ ಎಷ್ಟು ಹೊತ್ತು ಮೀರಿದೆ ಎಂಬುದು ಕೂಡಲೇ ತಿಳಿಯುತ್ತದೆ.

ಇಡೀ ಅವಧಿಯನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ಸಮಾನ ಶಬ್ದಮಟ್ಟವನ್ನು ಬಳಸುತ್ತಾರೆ. ಇದು ಶಕ್ತಿಯ ಸರಾಸರಿ. 1 ಗಂಟೆ 100 ಡಿಬಿ(ಎ) ಹಾಗೂ 7 ಗಂಟೆ 70 ಡಿಬಿ(ಎ) ಶಬ್ದದಲ್ಲಿ ಕಳೆದವನಿಗೆ ಸಾಮಾನ್ಯ ಸರಾಸರಿ ಸುಮಾರು 74 ಬರುತ್ತದೆ. ಸಮಾನ ಶಬ್ದಮಟ್ಟವಾದರೋ 91. ಮೊದಲ ಸಂಖ್ಯೆ ಕಿವಿ ಸುರಕ್ಷಿತ ಎನ್ನುತ್ತದೆ, ಎರಡನೆಯದು ಅಪಾಯವೆನ್ನುತ್ತದೆ. ಶಾಲಾ ಪ್ರಯೋಗಗಳಲ್ಲಿ ಬಹಳವಾಗಿ ಕಂಡುಬರುವ ತಪ್ಪು ಇದೇ. ಸ್ತಂಭನಕ್ಷೆಯೂ ದಾರಿ ತಪ್ಪಿಸಬಲ್ಲದು: 50ರ ಸ್ತಂಭಕ್ಕಿಂತ 100ರ ಸ್ತಂಭ ಎರಡರಷ್ಟು ಎತ್ತರವಿದ್ದರೂ ಅದರ ಶಕ್ತಿ ಒಂದು ಲಕ್ಷ ಪಟ್ಟು ಹೆಚ್ಚು.

ಕಿವಿಗೆ ಆಗುವ ಹಾನಿ

ಒಳಕಿವಿಯ ಕಾಕ್ಲಿಯದಲ್ಲಿರುವ ರೋಮಕೋಶಗಳು ಕಂಪನವನ್ನು ನರಸಂಕೇತವಾಗಿ ಮಾರ್ಪಡಿಸುತ್ತವೆ. ಮನುಷ್ಯರಲ್ಲಿ ಇವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹಾನಿಯನ್ನು ಶ್ರವಣನಕ್ಷೆಯಲ್ಲಿ ಕಾಣಬಹುದು. ಇದರ ಅಡ್ಡ ಅಕ್ಷದಲ್ಲಿ 250ರಿಂದ 8,000 ಹರ್ಟ್ಸ್‌ವರೆಗಿನ ಆವೃತ್ತಿಗಳಿರುತ್ತವೆ. ಲಂಬ ಅಕ್ಷ ತಲೆಕೆಳಗಾಗಿದ್ದು, ರೇಖೆ ಕೆಳಗಿಳಿದಷ್ಟೂ ಶ್ರವಣದೋಷ ಹೆಚ್ಚು. ಬಲಗಿವಿಯನ್ನು ಕೆಂಪು ವೃತ್ತದಿಂದಲೂ ಎಡಗಿವಿಯನ್ನು ನೀಲಿ ಗುಣಾಕಾರ ಚಿಹ್ನೆಯಿಂದಲೂ ಗುರುತಿಸುತ್ತಾರೆ. ಶಬ್ದದಿಂದಾದ ಹಾನಿಯಲ್ಲಿ ರೇಖೆ ಸಾಮಾನ್ಯವಾಗಿ 4,000 ಹರ್ಟ್ಸ್‌ನ ಆಸುಪಾಸಿನಲ್ಲಿ ತಗ್ಗಿಗಿಳಿದು 8,000ದಲ್ಲಿ ಸ್ವಲ್ಪ ಮೇಲೇರುತ್ತದೆ. ವಯೋಸಹಜ ಕಿವುಡಿನಲ್ಲಿ ಹೀಗೆ ಮೇಲೇರದೆ ಇಳಿಯುತ್ತಲೇ ಹೋಗುತ್ತದೆ.

ಸ್ವರಗಳ ಶಕ್ತಿ ಬಹುಪಾಲು ತಗ್ಗು ಆವೃತ್ತಿಗಳಲ್ಲಿದ್ದು, ಸ, ಶ, ತ, ಕ ಮೊದಲಾದ ವ್ಯಂಜನಗಳನ್ನು ಬೇರ್ಪಡಿಸುವ ಸುಳಿವುಗಳು ಎತ್ತರದ ಆವೃತ್ತಿಗಳಲ್ಲಿವೆ. ಆದಕಾರಣ ಇಂತಹ ವ್ಯಕ್ತಿಗೆ ಮಾತು ಕೇಳಿಸುತ್ತದೆ, ಆದರೆ ಅದು 'ಸಾಲು'ವೋ 'ಕಾಲು'ವೋ 'ಪಾಲು'ವೋ ಸ್ಪಷ್ಟವಾಗದು. ಮನೆಯವರು ಇದನ್ನು ಅಲಕ್ಷ್ಯವೆಂದು ತಪ್ಪು ತಿಳಿಯುವುದುಂಟು.

ಮಿತಿಗಳು

ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡಿಬಿ(ಎ) ಮಿತಿ. ವಾಣಿಜ್ಯ ಪ್ರದೇಶಕ್ಕೆ ಇದು 65 ಮತ್ತು 55, ಕೈಗಾರಿಕಾ ಪ್ರದೇಶಕ್ಕೆ 75 ಮತ್ತು 70, ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೆ 50 ಮತ್ತು 40. ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6 ಗಂಟೆಯವರೆಗೆ. ಇವು ನೆಮ್ಮದಿಯನ್ನು ಕಾಯುವ ಮಿತಿಗಳು.

ಕೆಲಸದ ಸ್ಥಳದ ಮಿತಿಗಳು ಬೇರೆ. ಭಾರತದ ಕಾರ್ಖಾನೆ ನಿಯಮಗಳಲ್ಲಿ ರೂಢಿಯಾಗಿ ಬಂದಿರುವ ಮಿತಿ 8 ಗಂಟೆಗೆ 90 ಡಿಬಿ(ಎ). ಪ್ರತಿ 5 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆಯ ಶಿಫಾರಸು 8 ಗಂಟೆಗೆ 85. ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ. ಎರಡನ್ನೂ ಒಂದೇ ನಕ್ಷೆಯಲ್ಲಿ ಎಳೆದರೆ ರೇಖೆಗಳು ಮೇಲಕ್ಕೆ ಹೋದಂತೆ ದೂರವಾಗುತ್ತವೆ. 100 ಡಿಬಿ(ಎ)ಯಲ್ಲಿ ಮೊದಲನೆಯದು 2 ಗಂಟೆ ಅನುಮತಿಸಿದರೆ ಎರಡನೆಯದು ಕೇವಲ 15 ನಿಮಿಷ. ಲಾಳಿಯ ವಿದ್ಯುತ್ ಮಗ್ಗಗಳ ಶೆಡ್‌ಗಳಲ್ಲಿ ಶಬ್ದ ಸಾಮಾನ್ಯವಾಗಿ 90 ಡಿಬಿ(ಎ) ದಾಟುತ್ತದೆ. 1948ರ ಕಾರ್ಖಾನೆ ಕಾಯ್ದೆಯು ಶಬ್ದಜನ್ಯ ಕಿವುಡನ್ನು ಅಧಿಸೂಚಿತ ರೋಗಗಳ ಪಟ್ಟಿಗೆ ಸೇರಿಸಿತ್ತು. ಆದರೆ ಅದರ ವ್ಯಾಖ್ಯೆಯಂತೆ ವಿದ್ಯುತ್ ಬಳಸುವ ಘಟಕದಲ್ಲಿ ಕನಿಷ್ಠ 10 ಕಾರ್ಮಿಕರಿರಬೇಕು. ಮನೆಗೆ ಹೊಂದಿಕೊಂಡ ನಾಲ್ಕಾರು ಮಗ್ಗಗಳ ಶೆಡ್ ಆ ವ್ಯಾಪ್ತಿಯಿಂದ ಹೊರಗುಳಿಯುತ್ತಿತ್ತು.

ರಕ್ಷಣೆ

ಶಬ್ದವನ್ನು ಮೂಲದಲ್ಲೇ ತಗ್ಗಿಸುವುದು ಉತ್ತಮ. ಲಾಳಿ ಬಡಿಯುವ ಜಾಗಕ್ಕೆ ಮೆತ್ತೆ, ಸವೆದ ಭಾಗಗಳ ಬದಲಾವಣೆ, ಕಾಲಕಾಲಕ್ಕೆ ಎಣ್ಣೆ, ಯಂತ್ರದ ಅಡಿಯಲ್ಲಿ ರಬ್ಬರ್ ಹಾಸು ಮತ್ತು ಸಾಧ್ಯವಿದ್ದಲ್ಲಿ ಲಾಳಿರಹಿತ ಮಗ್ಗ ಇದಕ್ಕೆ ಸಹಕಾರಿ. ತಗಡಿನ ಮಾಡು, ಬರಿಗೋಡೆಗಳು ಶಬ್ದವನ್ನು ಪ್ರತಿಫಲಿಸುವುದರಿಂದ ಹೀರುವ ಹೊದಿಕೆಯೂ ನೆರವಾಗುತ್ತದೆ.

ಕೊನೆಯ ಉಪಾಯ ಕಿವಿಬಿರಡೆ ಅಥವಾ ಕಿವಿಮುಚ್ಚುಗ. ಹತ್ತಿ ತುರುಕಿಕೊಳ್ಳುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ನೊರೆರಬ್ಬರಿನ ಬಿರಡೆಯನ್ನು ಬೆರಳುಗಳಿಂದ ಹೊಸೆದು ತೆಳುವಾಗಿಸಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿರಿಸಿ, ಅದು ಉಬ್ಬುವವರೆಗೆ ಹಿಡಿದಿರಬೇಕು. ಪೂರ್ತಿ ಅವಧಿ ಧರಿಸುವುದು ಮುಖ್ಯ: 30 ಡೆಸಿಬೆಲ್ ತಗ್ಗಿಸುವ ಬಿರಡೆಯನ್ನು 8 ಗಂಟೆಗಳ ಪಾಳಿಯಲ್ಲಿ ಅರ್ಧ ಗಂಟೆ ತೆಗೆದಿಟ್ಟರೂ ಅದರ ಒಟ್ಟು ಪರಿಣಾಮ ಸುಮಾರು 12 ಡೆಸಿಬೆಲ್‌ಗೆ ಇಳಿಯುತ್ತದೆ.

ಶಬ್ದದ ನಡುವೆ ದುಡಿಯುವವರು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿಕೊಂಡು ಹಿಂದಿನ ನಕ್ಷೆಯೊಡನೆ ಹೋಲಿಸುವುದು ರೂಢಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದ ಪ್ರಮುಖ ಕೇಂದ್ರ. ಮೊದಲ ಪರೀಕ್ಷೆಗೆ ಮುನ್ನ ಕನಿಷ್ಠ 14 ಗಂಟೆ ದೊಡ್ಡ ಸದ್ದಿನಿಂದ ದೂರವಿರಬೇಕು. ಇಲ್ಲವಾದರೆ ವಿಶ್ರಾಂತಿಯಿಂದ ಸರಿಹೋಗುವ ತಾತ್ಕಾಲಿಕ ಮಂದತೆಯೂ ನಕ್ಷೆಯಲ್ಲಿ ಶಾಶ್ವತ ದೋಷದಂತೆ ಕಾಣಿಸುತ್ತದೆ.