ಬಿಸಿಲು ಜೋರಾಗಿದ್ದಷ್ಟೂ ಅಲೆಗಳ ಫೋಟೋ ಚೆನ್ನಾಗಿ ಬರುತ್ತದೆಯೇ?

ಹೆಬ್ಬಾಳ, ಯಲಹಂಕದ ಕಡೆಯಿಂದ ರಜೆಗೆ ಉಡುಪಿಗೆ ಹೋಗುವ ಅನೇಕರು ಮಲ್ಪೆ ಬಳಿಯ ಸೇಂಟ್ ಮೇರಿಸ್ ದ್ವೀಪವನ್ನೂ ನೋಡಿ ಬರುತ್ತಾರೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಮೂಡಿದ ಕಲ್ಲುಕಂಬಗಳು, ಮರಳಿನ ಬದಲು ಚಿಪ್ಪು ಹರಡಿದ ದಡ, ಅವುಗಳಿಗೆ ಬಡಿಯುವ ಅಲೆ. ದೋಣಿ ಓಡುವುದು ಹಗಲಲ್ಲಷ್ಟೇ. ಹಾಗಾಗಿ ಹೆಚ್ಚಿನ ಫೋಟೋಗಳು ಸುಡುಬಿಸಿಲಿನವು. ಆದರೂ ಅಲೆಯ ನೊರೆ ಬರೀ ಬಿಳಿ ಕಲೆಯಂತೆ ಕಾಣುತ್ತದೆ. ಇದು ಮೊಬೈಲಿನ ದೋಷವೇ?

ಕಾರಣವೇನು?

ನೊರೆಯ ಗುಳ್ಳೆಗಳು ಎಲ್ಲ ಬಣ್ಣದ ಬೆಳಕನ್ನೂ ಚದುರಿಸುವುದರಿಂದ ಅದು ಬೆಳ್ಳಗೆ ಹೊಳೆಯುತ್ತದೆ. ಒದ್ದೆ ಕಲ್ಲು ಒಣಕಲ್ಲಿಗಿಂತ ಕಪ್ಪಾಗಿರುತ್ತದೆ. ನಮ್ಮ ಕಣ್ಣು ಎರಡಕ್ಕೂ ಬೇಗನೆ ಹೊಂದಿಕೊಳ್ಳುತ್ತದೆ. ಕ್ಯಾಮೆರಾ ಮಾತ್ರ ಚೌಕಟ್ಟಿನ ಸರಾಸರಿ ಬೆಳಕನ್ನು ಮಧ್ಯಮ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಕಲ್ಲಿದ್ದರೆ ಇಡೀ ಚಿತ್ರವನ್ನು ಬೆಳಗಿಸುತ್ತದೆ, ಆಗ ನೊರೆಯ ವಿವರ ಅಳಿಸಿಹೋಗುತ್ತದೆ. ನೊರೆಯೇ ತುಂಬಿದ್ದರೆ ಅದು ಬೂದಿಯಂತೆ ಮಂಕಾಗುತ್ತದೆ.

ಏನು ಮಾಡಬಹುದು?

ಮೊಬೈಲ್ ಪರದೆಯಲ್ಲಿ ನೊರೆಯ ಮೇಲೆ ಬೆರಳಿಟ್ಟು, ಗುಳ್ಳೆಗಳು ಕಾಣುವವರೆಗೆ ಬೆಳಕನ್ನು ತಗ್ಗಿಸಿ. ಕಪ್ಪಾದ ಕಲ್ಲನ್ನು ಆಮೇಲೆ ತಿಳಿಗೊಳಿಸಬಹುದು, ಪೂರ್ತಿ ಬೆಳ್ಳಗಾದ ಭಾಗದಿಂದ ವಿವರ ಮರಳಿ ಸಿಗುವುದಿಲ್ಲ.

ಕ್ಯಾಮೆರಾ ಇದ್ದವರಿಗೆ ಹಳೆಯ ಲೆಕ್ಕವೊಂದಿದೆ: ನೇರ ಬಿಸಿಲಿನಲ್ಲಿ ಐಎಸ್‌ಒ 100, ಎಫ್/16, ಶಟರ್ 1/100 ಸೆಕೆಂಡ್. ಹನಿಗಳು ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ ಎಫ್/5.6, 1/800 ಸೆಕೆಂಡ್. ಬೆಳಕು ಅಷ್ಟೇ ಸಿಗುತ್ತದೆ. ಅಲೆ ಹಾಲಿನಂತೆ ಹರಿದು ಕಾಣಬೇಕಾದರೆ ಶಟರ್ ಅರ್ಧ ಸೆಕೆಂಡಾದರೂ ತೆರೆದಿರಬೇಕು. ಅದಕ್ಕೆ ಬೆಳಕನ್ನು 64 ಪಟ್ಟು ತಗ್ಗಿಸುವ ಎನ್‌ಡಿ ಫಿಲ್ಟರ್, ಜೊತೆಗೆ ಟ್ರೈಪಾಡ್ ಬೇಕು. ನೀರಿನ ಮೇಲಿನ ಪ್ರತಿಫಲನ ತಗ್ಗಿಸಲು ಪೋಲರೈಸರ್ ಇದೆ. ಪೋಲರೈಸ್ಡ್ ತಂಪು ಕನ್ನಡಕವನ್ನು ಮೊಬೈಲ್ ಲೆನ್ಸಿನ ಮುಂದೆ ತಿರುಗಿಸಿದರೂ ನೀರಿನಡಿಯ ಕಲ್ಲು, ಚಿಪ್ಪು ಸ್ಪಷ್ಟವಾಗುತ್ತವೆ.

ಎಲ್ಲಿ ನಿಲ್ಲಬೇಕು?

ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣದೆ, ನಾವು ಅದನ್ನೇ ದಿಟ್ಟಿಸುತ್ತಾ ಅಲೆಯನ್ನು ಮರೆಯುತ್ತೇವೆ. 2022ರ ಏಪ್ರಿಲ್‌ನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಕಲ್ಲು ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೆ ಬಂದಿದೆ ಎಂದರ್ಥ. ಮುಂದಿನ ಅಲೆ ಅದಕ್ಕಿಂತ ದೊಡ್ಡದಿರಬಹುದು. ಆದ್ದರಿಂದ ಮೊದಲು ಹತ್ತು ನಿಮಿಷ ಅಲೆಗಳನ್ನು ಗಮನಿಸಿ. ಒದ್ದೆ ಕಲ್ಲುಗಳಿಂದ ಸಾಕಷ್ಟು ಹಿಂದೆ ನಿಂತು, ಜೂಮ್ ಬಳಸಿ. ಸಮುದ್ರಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ.