ದೋಹಾದಲ್ಲಿ ಬರೆದ ಏಳು ಪ್ಯಾರಾ

"ಸರ್, ಊರಿಂದ ತಂದ ಬಿಪಿ ಮಾತ್ರೆ ಖಾಲಿ ಆಯ್ತು. ಇಲ್ಲಿ ಬರ್ಕೊಟ್ಟಿರೋದು ಬೇರೆ ಕಂಪನೀದು, ರೇಟ್ ನೋಡಿದ್ರೆ ಬಿಪಿ ಇನ್ನೂ ಏರುತ್ತೆ. ಎರಡೂ ಒಂದೇನಾ, ಅಥವಾ ನಮ್ಮೂರಿಂದು ಡೂಪ್ಲಿಕೇಟಾ?"

ಕನ್ನಡದವನು ಕೌಂಟರಿನಲ್ಲಿದ್ದಾನೆ ಎಂದು ಗೊತ್ತಾದ ಮೇಲೆ ನಮ್ಮವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಇದೇ. ಆವತ್ತು ಕೇಳಿದವರು ಹಾವೇರಿ ಕಡೆಯವರು, ಕ್ರೇನ್ ಆಪರೇಟರ್. ಅವರ ಕೈಯಲ್ಲಿದ್ದ ಎರಡು ಸ್ಟ್ರಿಪ್‌ಗಳನ್ನು ತಿರುಗಿಸಿ, ಹಿಂದೆ ಸಣ್ಣ ಅಕ್ಷರದಲ್ಲಿದ್ದ ಹೆಸರನ್ನು ತೋರಿಸಿದೆ. ಎರಡರಲ್ಲೂ ಆಮ್ಲೊಡಿಪಿನ್, ಎರಡರಲ್ಲೂ 5 ಮಿಲಿಗ್ರಾಂ. "ಔಷಧ ಒಂದೇ ಅಣ್ಣ" ಅಂದೆ. "ಮತ್ತೆ ರೇಟ್ ಯಾಕೆ ಹಂಗೆ?" ಅಂದರು. ಹಿಂದೆ ಕ್ಯೂ ಇತ್ತು, ಉತ್ತರ ಉದ್ದ ಇತ್ತು. ಆ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ರಸಾಯನಶಾಸ್ತ್ರ ಕಡಿಮೆ, ಕಾನೂನು ಮತ್ತು ಕಂಪನಿಗಳ ಕಥೆ ಹೆಚ್ಚು. ಕಥೆಯ ಮುಖ್ಯ ಘಟ್ಟವೊಂದು ನಡೆದದ್ದು ನಮ್ಮ ಪಕ್ಕದಲ್ಲೇ, ದೋಹಾದಲ್ಲಿ.

ಮೊದಲು ಪೇಟೆಂಟ್ ಎಂದರೆ ಏನೆಂದು ನೋಡೋಣ. ನಾನು ದಾವಣಗೆರೆಯವನು, ಹಾಗಾಗಿ ಬೆಣ್ಣೆದೋಸೆಯ ಉದಾಹರಣೆಯನ್ನೇ ಕೊಡುತ್ತೇನೆ. ಬೆಣ್ಣೆದೋಸೆ ಎಂಬ ವಸ್ತುವಿಗೇ ಒಬ್ಬರಿಗೆ ಪೇಟೆಂಟ್ ಇದ್ದರೆ, ನೀವು ಯಾವ ಹಿಟ್ಟು ಹಾಕಿ ಯಾವ ಒಲೆಯ ಮೇಲೆ ಮಾಡಿದರೂ ಮಾರುವಂತಿಲ್ಲ. ಆದರೆ ಪೇಟೆಂಟ್ ಇರುವುದು ಅದನ್ನು ಮಾಡುವ ಒಂದು ವಿಧಾನಕ್ಕೆ ಮಾತ್ರ ಎಂದಾದರೆ, ಇನ್ನೊಂದು ವಿಧಾನ ಕಂಡುಹಿಡಿದು ನೀವೂ ಹೋಟೆಲ್ ತೆರೆಯಬಹುದು. ವಸ್ತುವಿಗೋ ವಿಧಾನಕ್ಕೋ ಎಂಬ ಈ ಒಂದು ಪದದ ವ್ಯತ್ಯಾಸದ ಮೇಲೆ ಭಾರತದ ಇಡೀ ಔಷಧ ಉದ್ಯಮ ನಿಂತಿದೆ.

ಸ್ವಾತಂತ್ರ್ಯ ಬಂದ ಮೇಲೂ ನಮ್ಮಲ್ಲಿ ನಡೆಯುತ್ತಿದ್ದದ್ದು ಬ್ರಿಟಿಷರ 1911ರ ಪೇಟೆಂಟ್ ಕಾಯಿದೆ. ಪೇಟೆಂಟ್‌ಗಳಲ್ಲಿ ಬಹುಪಾಲು ವಿದೇಶಿ ಕಂಪನಿಗಳ ಕೈಯಲ್ಲಿದ್ದವು. ಆ ಕಂಪನಿಗಳು ಔಷಧವನ್ನು ಇಲ್ಲಿ ತಯಾರಿಸುತ್ತಲೂ ಇರಲಿಲ್ಲ, ತಯಾರಿಸಲು ಬೇರೆಯವರನ್ನು ಬಿಡುತ್ತಲೂ ಇರಲಿಲ್ಲ. ಕೆಲವು ಆ್ಯಂಟಿಬಯೋಟಿಕ್‌ಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚು ಇರುವ ದೇಶಗಳಲ್ಲಿ ಬಡ ಭಾರತವೂ ಒಂದು ಎಂದು ಹೇಳಿದ್ದು ಅಮೆರಿಕದ ಸೆನೆಟ್ಟಿನ ಕೆಫಾವರ್ ಸಮಿತಿ. 1959ರಲ್ಲಿ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಕೊಟ್ಟ ವರದಿ ಈ ಕಾಯಿದೆಯನ್ನು ಬುಡಸಮೇತ ಬದಲಿಸಬೇಕು ಎಂದಿತು. ಅದರ ಫಲವೇ 1970ರ ಪೇಟೆಂಟ್ ಕಾಯಿದೆ. 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈ ಕಾಯಿದೆಯ ಪ್ರಕಾರ ಔಷಧಕ್ಕೆ ಸಿಗುವುದು ವಿಧಾನದ ಪೇಟೆಂಟ್ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ.

"ಭಾರತದವರು ಕಳ್ಳರು" ಎಂಬ ಮಾತು ಆಗಿನಿಂದ ಶುರುವಾಯಿತು. ಇಲ್ಲಿ ನನಗೊಂದು ತಕರಾರಿದೆ. ಜರ್ಮನಿ 1877ರಲ್ಲಿ ಮಾಡಿದ ಕಾನೂನಿನಲ್ಲೂ ರಾಸಾಯನಿಕಗಳಿಗೆ ವಿಧಾನದ ಪೇಟೆಂಟ್ ಮಾತ್ರ ಇತ್ತು, ವಸ್ತುವಿಗೆ ಪೇಟೆಂಟ್ ಬಂದದ್ದು 1968ರಲ್ಲಿ. ಔಷಧ ಕಂಪನಿಗಳ ತವರಾದ ಸ್ವಿಟ್ಜರ್ಲೆಂಡ್ ಇದಕ್ಕೆ ಒಪ್ಪಿದ್ದು 1970ರ ದಶಕದ ಕೊನೆಗೆ, ಇಟಲಿ 1978ರಲ್ಲಿ. ತಮ್ಮ ಕಂಪನಿಗಳು ಬೆಳೆಯುವ ತನಕ ತೆರೆದಿಟ್ಟ ಬಾಗಿಲನ್ನು ಆಮೇಲೆ ಮುಚ್ಚಿ, ಹೊರಗೆ ನಿಂತವನನ್ನು ಕಳ್ಳ ಅಂದರೆ ಹೇಗೆ?

ಮುಚ್ಚುವ ಕೆಲಸ ಅಚ್ಚುಕಟ್ಟಾಗಿಯೇ ನಡೆಯಿತು. 1986ರಲ್ಲಿ ಔಷಧ ಕಂಪನಿ ಫೈಜರ್‌ನ ಎಡ್ಮಂಡ್ ಪ್ರ್ಯಾಟ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂನ ಜಾನ್ ಒಪೆಲ್ ಮುಂದೆ ನಿಂತು ಅಮೆರಿಕದ ದೊಡ್ಡ ಕಂಪನಿಗಳ ಒಂದು ಕೂಟ ಕಟ್ಟಿದರು. ಪೇಟೆಂಟ್ ವಿಷಯವನ್ನು ವ್ಯಾಪಾರ ಒಪ್ಪಂದದೊಳಗೆ ಸೇರಿಸಬೇಕು, ಒಪ್ಪದ ದೇಶಕ್ಕೆ ವ್ಯಾಪಾರದಲ್ಲೇ ಪೆಟ್ಟು ಬೀಳಬೇಕು ಎಂಬುದು ಅವರ ಲೆಕ್ಕ. ಮಾತ್ರೆ ಮಾರುವವರೂ ಕಂಪ್ಯೂಟರ್ ಮಾರುವವರೂ ಒಂದಾದದ್ದು ಸಹಜವೇ. ಇಬ್ಬರ ಮಾಲೂ ಕಂಡುಹಿಡಿಯಲು ದುಬಾರಿ, ನಕಲು ಮಾಡಲು ಅಗ್ಗ. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಟ್ರಿಪ್ಸ್ ಒಪ್ಪಂದ ಜಾರಿಗೆ ಬಂತು. ಎಲ್ಲ ಸದಸ್ಯ ದೇಶಗಳೂ ಔಷಧದ ವಸ್ತುವಿಗೇ 20 ವರ್ಷ ಪೇಟೆಂಟ್ ಕೊಡಬೇಕಾಯಿತು. ಭಾರತಕ್ಕೆ 2005ರ ತನಕ ಗಡುವು ಸಿಕ್ಕಿತು.

ನನ್ನ ವಯಸ್ಸಿನವರಿಗೆ ಈ ಒಪ್ಪಂದ ಬೇರೆ ಹೆಸರಿನಲ್ಲಿ ನೆನಪಿರುತ್ತದೆ: ಡಂಕೆಲ್. ಮಾತುಕತೆಯ ಕರಡು ಸಿದ್ಧಪಡಿಸಿದ ಆರ್ಥರ್ ಡಂಕೆಲ್ ಹೆಸರು ನಮ್ಮ ಹಳ್ಳಿಯ ಚಹಾ ಅಂಗಡಿಯ ತನಕ ಬಂದಿತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರಗಳನ್ನು ಬೀದಿಗೆ ತಂದು ಸುಟ್ಟಿದ್ದರು. ಶಾಲೆಗೆ ಹೋಗುತ್ತಿದ್ದ ನಮಗೆ ಡಂಕೆಲ್ ಅಂದರೆ ಯಾವುದೋ ಬೆಳೆಯ ರೋಗ ಇರಬೇಕು ಅನ್ನಿಸಿತ್ತು. ಹಸಿರು ಶಾಲಿನವರು ಬೀಜದ ಬಗ್ಗೆ ಹೇಳುತ್ತಿದ್ದ ಮಾತು ಮಾತ್ರೆಗೂ ಅನ್ವಯಿಸುತ್ತದೆ ಎಂದು ಗೊತ್ತಾದದ್ದು ಡಿ.ಫಾರ್ಮಾ ಮುಗಿಸಿ ಅಂಗಡಿಯಲ್ಲಿ ನಿಂತ ಮೇಲೆ.

ಆಗ 2000ದ ಆಸುಪಾಸು. ನಾನಿದ್ದ ಮೆಡಿಕಲ್ ಶಾಪಿಗೆ ಲಾರಿ ಡ್ರೈವರ್ ಒಬ್ಬರು ಬರುತ್ತಿದ್ದರು. ಭೇದಿಗೆ, ಜ್ವರಕ್ಕೆ, ಬಾಯಿಹುಣ್ಣಿಗೆ ಒಂದೊಂದೇ ಮಾತ್ರೆ ತಗೊಂಡು ಹೋಗುವರು. ಕಾಯಿಲೆ ಯಾವುದೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಎಚ್‌ಐವಿಗೆ ಮೂರು ಔಷಧ ಒಟ್ಟಿಗೆ ಕೊಟ್ಟರೆ ಮನುಷ್ಯ ಬದುಕುತ್ತಾನೆ ಎಂದು 1996ರಲ್ಲೇ ಸಿದ್ಧವಾಗಿತ್ತು. ಅದರ ಖರ್ಚು ವರ್ಷಕ್ಕೆ 10,000 ಡಾಲರಿಗೂ ಮೇಲೆ. ಒಂದು ದಿನ ಅವರು ಬರುವುದು ನಿಂತಿತು.

ದಕ್ಷಿಣ ಆಫ್ರಿಕಾದಲ್ಲಿ ಅಂಥವರು ಲಕ್ಷಗಟ್ಟಲೆ ಇದ್ದರು. ಅಗ್ಗದ ಔಷಧ ತರಿಸಿಕೊಳ್ಳಲು ಅಲ್ಲಿನ ಸರ್ಕಾರ 1997ರಲ್ಲಿ ಕಾನೂನು ಮಾಡಿತು. ಮರುವರ್ಷ ಔಷಧ ಕಂಪನಿಗಳು ಸೇರಿ ಕೋರ್ಟಿಗೆ ಹೋದವು. ಕೊನೆಗೆ ದಾವೆಯಲ್ಲಿದ್ದ ಕಂಪನಿಗಳು 39, ಮೊದಲ ಪ್ರತಿವಾದಿ ಅಧ್ಯಕ್ಷ ನೆಲ್ಸನ್ ಮಂಡೇಲಾ. ಇಂಥ ಅರ್ಜಿಗೆ ಸಹಿ ಹಾಕುವಾಗ ಯಾವ ವಕೀಲರಿಗೂ ಅದು ಪೇಪರಿನಲ್ಲಿ ಹೇಗೆ ಕಾಣುತ್ತದೆ ಎಂದು ಅನ್ನಿಸಲಿಲ್ಲವೇ ಎಂದು ನನಗೆ ಈಗಲೂ ಆಶ್ಚರ್ಯ. ಜಗತ್ತೆಲ್ಲ ಉಗಿದ ಮೇಲೆ 2001ರ ಏಪ್ರಿಲ್‌ನಲ್ಲಿ ದಾವೆ ವಾಪಸಾಯಿತು.

ಉಗಿಯಲು ಕೈಗೆ ಒಂದು ಲೆಕ್ಕ ಸಿಕ್ಕಿದ್ದು ಮುಂಬೈಯಿಂದ. 2001ರ ಫೆಬ್ರವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್, ಮೂರೂ ಔಷಧಗಳನ್ನು ವೈದ್ಯರ ಸಂಘಟನೆ ಎಂಎಸ್‌ಎಫ್‌ಗೆ ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದರು. ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ. ಸಿಪ್ಲಾ ಮಾಡಿದ ಇನ್ನೊಂದು ಕೆಲಸ ಫಾರ್ಮಸಿಯವನಾಗಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಈ ಮೂರನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಮಾಡಿತು. ಹಿಡಿಗಟ್ಟಲೆ ಮಾತ್ರೆ ನುಂಗುವ ರೋಗಿ ಯಾವುದೋ ಒಂದನ್ನು ಬಿಟ್ಟೇ ಬಿಡುತ್ತಾನೆ, ಬಿಟ್ಟರೆ ವೈರಸ್ ಔಷಧಕ್ಕೆ ಜಗ್ಗುವುದಿಲ್ಲ. ಒಂದೇ ಮಾತ್ರೆ ಮಾಡುವ ತಂತ್ರಜ್ಞಾನ ಅಮೆರಿಕ, ಯುರೋಪಿನಲ್ಲೂ ಇತ್ತು. ಅಲ್ಲಿ ಅಡ್ಡ ಬಂದದ್ದು ಕಾನೂನು. ಮೂರು ಔಷಧಗಳ ಪೇಟೆಂಟ್ ಮೂರು ಬೇರೆ ಕಂಪನಿಗಳದ್ದಾಗಿತ್ತು, ಒಬ್ಬರು ಇನ್ನೊಬ್ಬರ ಔಷಧ ಮುಟ್ಟುವಂತಿರಲಿಲ್ಲ. ವಸ್ತುವಿನ ಪೇಟೆಂಟ್ ಇಲ್ಲದ ಭಾರತದಲ್ಲಿ ಆ ಗೋಡೆಯೇ ಇರಲಿಲ್ಲ.

ಅದೇ ವರ್ಷ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆ್ಯಂತ್ರಾಕ್ಸ್ ಪುಡಿ ಬಂದು ಐವರು ಸತ್ತರು. ಮದ್ದು ಸಿಪ್ರೊ, ಅಂದರೆ ಸಿಪ್ರೊಫ್ಲಾಕ್ಸಸಿನ್. ನಮ್ಮೂರಿನಲ್ಲಿ ಆ ಹೊತ್ತಿಗೆ ಯಾವ ಅಂಗಡಿಯಲ್ಲಾದರೂ ಸಿಗುತ್ತಿದ್ದ ಮಾತ್ರೆ. ಅಮೆರಿಕದಲ್ಲಿ ಬೇಯರ್ ಕಂಪನಿಯ ಪೇಟೆಂಟ್ ಇನ್ನೂ ಮುಗಿದಿರಲಿಲ್ಲ. ಬೆಲೆ ಇಳಿಸದಿದ್ದರೆ ಪೇಟೆಂಟ್ ಬದಿಗಿಟ್ಟು ಬೇರೆ ಕಡೆ ತರಿಸುತ್ತೇವೆ ಎಂದು ಅಲ್ಲಿನ ಆರೋಗ್ಯ ಕಾರ್ಯದರ್ಶಿ ಟಾಮಿ ಥಾಂಪ್ಸನ್ ಬೆದರಿಸಿದರು. ಬೇಯರ್ ಸರ್ಕಾರಕ್ಕೆ ಮಾರುವ ಬೆಲೆಯನ್ನು ಮಾತ್ರೆಗೆ 1.77 ಡಾಲರಿನಿಂದ 95 ಸೆಂಟಿಗೆ ಇಳಿಸಿತು. ಲಕ್ಷಾಂತರ ಸಾವಿನ ಮುಂದೆ ಪೇಟೆಂಟ್ ಪವಿತ್ರ ಎನ್ನುತ್ತಿದ್ದ ದೇಶಕ್ಕೆ ಐದು ಸಾವಿನಲ್ಲಿ ದಾರಿ ಹೊಳೆಯಿತು.

ಇದಾಗಿ ಕೆಲವೇ ವಾರಗಳಲ್ಲಿ, ನವೆಂಬರ್ 9ರಿಂದ ದೋಹಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಮ್ಮೇಳನ. ಕಾರ್ನಿಷ್‌ನ ತುದಿಯಲ್ಲಿ ಪಿರಮಿಡ್ಡಿನ ಹಾಗೆ ನಿಂತಿರುವ ಶೆರಟನ್ ಹೋಟೆಲನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ, ಸಮ್ಮೇಳನ ನಡೆದದ್ದು ಅಲ್ಲೇ. ಭಾರತದ ಪರವಾಗಿ ವಾಣಿಜ್ಯ ಸಚಿವ ಮುರಸೊಲಿ ಮಾರನ್ ಇದ್ದರು. ಆಫ್ರಿಕಾದ ದೇಶಗಳು, ಬ್ರೆಜಿಲ್, ಭಾರತ ಒಂದು ಕಡೆ ನಿಂತವು. ಎದುರಿಗಿದ್ದ ಅಮೆರಿಕಕ್ಕೆ ಸಿಪ್ರೊ ಪ್ರಸಂಗದ ನಂತರ ಗಟ್ಟಿಯಾಗಿ ಮಾತಾಡುವ ಮುಖ ಇರಲಿಲ್ಲ. ನವೆಂಬರ್ 14ರಂದು ಒಪ್ಪಿಗೆಯಾದ ಘೋಷಣೆಯಲ್ಲಿ ಏಳೇ ಪ್ಯಾರಾ. ಜನರ ಆರೋಗ್ಯ ಕಾಪಾಡುವ ಕ್ರಮಗಳಿಗೆ ಟ್ರಿಪ್ಸ್ ಅಡ್ಡಿಯಾಗಬಾರದು ಎನ್ನುತ್ತದೆ ನಾಲ್ಕನೆಯದು. ಪೇಟೆಂಟ್ ಇದ್ದರೂ ಬೇರೆಯವರಿಗೆ ತಯಾರಿಸಲು ಕಡ್ಡಾಯ ಲೈಸೆನ್ಸ್ ಕೊಡುವ ಹಕ್ಕು ಪ್ರತಿ ದೇಶಕ್ಕೂ ಇದೆ, ತುರ್ತು ಪರಿಸ್ಥಿತಿ ಯಾವುದು ಎಂದು ತೀರ್ಮಾನಿಸುವುದೂ ಆ ದೇಶವೇ ಎನ್ನುತ್ತದೆ ಐದನೆಯದು. ಆರನೆಯದು ಕಷ್ಟದ ಪ್ಯಾರಾ. ಲೈಸೆನ್ಸ್ ಕೊಡೋಣ ಎಂದರೂ ಔಷಧ ಮಾಡುವ ಕಾರ್ಖಾನೆಯೇ ಇಲ್ಲದ ದೇಶಗಳು ಏನು ಮಾಡಬೇಕು? ಇದಕ್ಕೆ 2003ರಲ್ಲಿ ಒಂದು ದಾರಿ ಮಾಡಿದರು, ಅದರಲ್ಲಿ ಎಷ್ಟು ಕಾಗದಪತ್ರ ಎಂದರೆ ಕೆನಡಾದಿಂದ ರುವಾಂಡಾಕ್ಕೆ ಒಮ್ಮೆ ಔಷಧ ಹೋದದ್ದು ಬಿಟ್ಟರೆ ಆ ದಾರಿಯಲ್ಲಿ ಓಡಾಟವೇ ಆಗಲಿಲ್ಲ.

2004ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಕೆಲವು ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್‌ಐವಿ ಔಷಧ ಉಚಿತವಾಗಿ ಕೊಡಲು ಶುರುಮಾಡಿದರು. ನಮ್ಮ ಡ್ರೈವರ್ ಇನ್ನೊಂದು ಮೂರ್ನಾಲ್ಕು ವರ್ಷ ತಡೆದುಕೊಂಡಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

2005ರಲ್ಲಿ ಗಡುವು ಮುಗಿದು ಭಾರತವೂ ವಸ್ತುವಿನ ಪೇಟೆಂಟ್ ಒಪ್ಪಿತು. ಆದರೆ ಸಂಸತ್ತು ಸೆಕ್ಷನ್ 3(ಡಿ) ಎಂಬ ಒಂದು ಬೇಲಿ ಹಾಕಿತು. ಹಳೆಯ ಔಷಧವನ್ನೇ ಸ್ವಲ್ಪ ತಿರುಚಿ ಹೊಸದೆಂದು ಪೇಟೆಂಟ್ ಕೇಳಿದರೆ ಕೊಡುವುದಿಲ್ಲ, ಗುಣದಲ್ಲಿ ನಿಜವಾದ ಹೆಚ್ಚಳ ತೋರಿಸಬೇಕು. ನೊವಾರ್ಟಿಸ್ ಕಂಪನಿಯ ರಕ್ತದ ಕ್ಯಾನ್ಸರ್ ಔಷಧ ಗ್ಲಿವೆಕ್ ಈ ಬೇಲಿಗೆ ಸಿಕ್ಕಿಕೊಂಡಿತು. ತಿಂಗಳಿಗೆ ಅದು ಸುಮಾರು 1,20,000 ರೂಪಾಯಿ, ಭಾರತೀಯ ಕಂಪನಿಗಳದ್ದು 10,000 ರೂಪಾಯಿಯ ಒಳಗೆ. ಬಹುತೇಕ ರೋಗಿಗಳಿಗೆ ತಾನು ಉಚಿತವಾಗಿಯೇ ಕೊಡುತ್ತಿದ್ದೇನೆ ಎಂಬುದು ಕಂಪನಿಯ ವಾದವಾಗಿತ್ತು. ಅದು ದಾನ, ಕೇಳುತ್ತಿದ್ದದ್ದು ಹಕ್ಕು. ತನ್ನ ಹೊಸ ಹರಳುರೂಪ ಚೆನ್ನಾಗಿ ಹರಿಯುತ್ತದೆ, ತೇವ ಕಡಿಮೆ ಹೀರುತ್ತದೆ ಎಂದೂ ಕಂಪನಿ ಹೇಳಿತು. ಪುಡಿ ಮಷಿನ್ನಿನಲ್ಲಿ ಚೆನ್ನಾಗಿ ಹರಿಯುವುದು ಮಾತ್ರೆ ಮಾಡುವವನಿಗೆ ಎಷ್ಟು ಮುಖ್ಯ ಎಂದು ನಾವು ಡಿ.ಫಾರ್ಮಾ ಮೊದಲ ವರ್ಷವೇ ಓದಿದ್ದೆವು. ಆದರೆ ಅದರಿಂದ ರೋಗಿಗೆ ಏನು ಲಾಭ? 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕೇಳಿದ್ದೂ ಅದನ್ನೇ. ರೋಗ ಗುಣಪಡಿಸುವ ಶಕ್ತಿ ಹೆಚ್ಚಿದೆ ಎಂದು ತೋರಿಸಿಲ್ಲ ಎಂದು ಪೇಟೆಂಟ್ ನಿರಾಕರಿಸಿತು.

ಅದರ ಹಿಂದಿನ ವರ್ಷ, 2012ರ ಮಾರ್ಚ್‌ನಲ್ಲಿ, ದೋಹಾದ ಐದನೆಯ ಪ್ಯಾರಾ ಹೇಳಿದ ಹಕ್ಕನ್ನು ಭಾರತ ಮೊದಲ ಬಾರಿಗೆ ಬಳಸಿತ್ತು. ಎದುರಿಗಿದ್ದದ್ದು ಅದೇ ಬೇಯರ್. ಅದರ ಕ್ಯಾನ್ಸರ್ ಔಷಧ ನೆಕ್ಸಾವರ್ ತಿಂಗಳಿಗೆ 2,80,428 ರೂಪಾಯಿ. ಅಗತ್ಯವಿದ್ದವರಲ್ಲಿ ಶೇಕಡ 2ಕ್ಕಿಂತ ತುಸು ಹೆಚ್ಚು ಜನರಿಗಷ್ಟೇ ಅದು ತಲುಪುತ್ತಿದೆ ಎಂದು ಕಂಡುಕೊಂಡ ಪೇಟೆಂಟ್ ನಿಯಂತ್ರಕ ಪಿ.ಎಚ್. ಕುರಿಯನ್, 8,800 ರೂಪಾಯಿಗೆ ಮಾರುವ ಷರತ್ತಿನ ಮೇಲೆ ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಲೈಸೆನ್ಸ್ ಕೊಟ್ಟರು. ಬೇಯರ್‌ಗೆ ರಾಯಲ್ಟಿಯನ್ನೂ ನಿಗದಿ ಮಾಡಿದರು. ಬಳಿಕ ಬಂದ ಒಂದೆರಡು ಅರ್ಜಿಗಳು ತಿರಸ್ಕೃತವಾದವು. ಹಕ್ಕು ಪುಸ್ತಕದಲ್ಲಿದೆ, ಬಳಸುವ ಧೈರ್ಯ ಕಡಿಮೆಯಾಗಿದೆ ಎಂಬುದು ನನ್ನ ಅಭಿಪ್ರಾಯ.

ಇಷ್ಟು ಹೇಳಿ ನಮ್ಮವರೆಲ್ಲ ಸಾಧುಗಳು ಅಂದರೆ ನಾನು ಕೌಂಟರಿನಲ್ಲಿ ನಿಂತದ್ದು ವ್ಯರ್ಥ. ಗ್ಲಿವೆಕ್ ತೀರ್ಪು ಬಂದ ಮರು ತಿಂಗಳೇ, 2013ರ ಮೇ ತಿಂಗಳಲ್ಲಿ, ರ‍್ಯಾನ್‌ಬ್ಯಾಕ್ಸಿ ಕಂಪನಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಪಾಂವ್ಟಾ ಸಾಹಿಬ್ ಮತ್ತು ದೇವಾಸ್‌ನ ಕಾರ್ಖಾನೆಗಳಲ್ಲಿ ತಯಾರಾದ ಕೆಲವು ಔಷಧಗಳ ಗುಣಮಟ್ಟ ಸರಿ ಇರಲಿಲ್ಲ, ಪರೀಕ್ಷೆಯ ದಾಖಲೆಗಳೂ ಸುಳ್ಳಾಗಿದ್ದವು. ಅದನ್ನು ಹೊರಗೆ ತಂದವರು ಅದೇ ಕಂಪನಿಯಲ್ಲಿದ್ದ ದಿನೇಶ್ ಠಾಕೂರ್. ಅಗ್ಗದ ಮಾತ್ರೆಗಾಗಿ ಅಷ್ಟು ಜನ ಅಷ್ಟು ವರ್ಷ ಹೋರಾಡಿದ್ದರು. ಅದೇ ಮಾತ್ರೆಯ ಪರೀಕ್ಷೆಯ ಲೆಕ್ಕ ಸುಳ್ಳು ಬರೆದ ಕೈ ನನಗೆ ಆ 39 ಕಂಪನಿಗಳಿಗಿಂತ ಕೆಟ್ಟದಾಗಿ ಕಾಣುತ್ತದೆ. ಹಾವೇರಿಯ ಅಣ್ಣ ಕೇಳಿದ "ಡೂಪ್ಲಿಕೇಟಾ?" ಎಂಬ ಪ್ರಶ್ನೆಗೆ ನಗದೆ ಉತ್ತರ ಕೊಡಬೇಕಾಗಿರುವುದು ಇದಕ್ಕೇ. ಅವರ ಸ್ಟ್ರಿಪ್ ನೋಡಿದೆ, ಹೆಸರುವಾಸಿ ಕಂಪನಿ, ಬ್ಯಾಚ್ ನಂಬರ್, ಅವಧಿ ಎಲ್ಲ ಸರಿಯಿತ್ತು. ಆಮ್ಲೊಡಿಪಿನ್ ಮೂಲದಲ್ಲಿ ಫೈಜರ್ ಕಂಪನಿಯ ಔಷಧ. ನಮ್ಮಲ್ಲಿ ವಸ್ತುವಿನ ಪೇಟೆಂಟ್ ಇಲ್ಲದ ಕಾಲದ್ದಾದ್ದರಿಂದ ಭಾರತದ ಕಂಪನಿಗಳು 1990ರ ದಶಕದಲ್ಲೇ ಮಾಡಲು ಶುರುಮಾಡಿದವು, ಪೈಪೋಟಿಯಲ್ಲಿ ಬೆಲೆ ಬಿತ್ತು. ಈಗ ಅಮೆರಿಕದಲ್ಲೂ ಅದರ ಪೇಟೆಂಟ್ ಮುಗಿದಿದೆ. ಇವತ್ತಿನ ವ್ಯತ್ಯಾಸ ಬ್ರ್ಯಾಂಡಿನ ಹೆಸರಿನದು.

ಮುಂದಿನ ತಿಂಗಳು ಅವರು ಮತ್ತೆ ಬಂದಾಗ ಇದನ್ನೆಲ್ಲ ಚುಟುಕಾಗಿ ಹೇಳಿದೆ. "ಹಂಗಾದ್ರೆ ರಜೆಗೆ ಹೋದಾಗ ಊರಿಂದಲೇ ತರ್ತೀನಿ ಸರ್" ಅಂದರು. ತನ್ನಿ ಅಂದೆ. ಡಾಕ್ಟರ ಚೀಟಿ ಜೊತೆಗಿರಲಿ, ಮಾತ್ರೆ ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿಸಿ ಡಬ್ಬಿಗೆ ಹಾಕಬೇಡಿ. ಮಂಡಿನೋವಿಗೆಂದು ಯಾರಾದರೂ ಟ್ರಮಡಾಲ್ ಕಟ್ಟಿಕೊಟ್ಟರೆ, ಕೆಮ್ಮಿಗೆಂದು ಕೊಡೀನ್ ಇರುವ ಸಿರಪ್ ಕೊಟ್ಟರೆ ಬ್ಯಾಗಿಗೆ ಹಾಕಿಕೊಳ್ಳಲೇಬೇಡಿ, ಗಲ್ಫ್ ಏರ್‌ಪೋರ್ಟಿನಲ್ಲಿ ಅದು ಮಾದಕ ವಸ್ತುವಿನ ಕೇಸ್ ಆಗಬಹುದು. ಆ ಕಾನೂನು ಬೇರೆ. ಅಲ್ಲಿ ದೋಹಾದ ಏಳು ಪ್ಯಾರಾ ಉಪಯೋಗಕ್ಕೆ ಬರುವುದಿಲ್ಲ.